ಬೀರನ್ನು ತಿಳಿಮಾಡುವ ಪುಡಿ

ನಮ್ಮಣ್ಣ ಬೀರು ಕುಡಿಯುವವನಲ್ಲ. ಬಂಗಾರಪೇಟೆಯಿಂದಾಚೆ ಇರುವ ಬೀರು ಕಾರ್ಖಾನೆಯಲ್ಲಿ ಪ್ರಾಯವನ್ನೆಲ್ಲ ಕಳೆದ ಅವನು ಅದರ ರುಚಿ ನೋಡಿದ್ದು ಒಂದೇ ಸಲ, ಅದೂ ಸೇರಿದ ಹೊಸದರಲ್ಲಿ ಯಾರೋ ಬಲವಂತ ಮಾಡಿದ್ದಕ್ಕೆ. "ಬೇವಿನ ಕಷಾಯಕ್ಕೆ ಸೋಡಾ ಆಕ್ದಂಗೈತೆ" ಅಂದು ಲೋಟ ಕೆಳಗಿಟ್ಟನಂತೆ. ಆದರೆ ಬೀರು ತಿಳಿಯಾಗಿದೆಯೋ ಇಲ್ಲವೋ ಎನ್ನುವುದು ಅವನಿಗೆ ಮಾನದ ಪ್ರಶ್ನೆಯಾಗಿತ್ತು. ಅವನು ಫಿಲ್ಟರ್ ವಿಭಾಗದಲ್ಲಿದ್ದ. ಪೈಪಿನ ನಡುವೆ ಗಾಜಿನ ಕಿಂಡಿಯೊಂದಿದೆ. ಅದರ ಹಿಂದೆ ದೀಪ ಹಿಡಿದು ನೋಡಿ, "ನೋಡಮ್ಮಿ, ನಮ್ಮ ಪಾನಿಪುರಿ ನೀರಿದ್ದಂಗೈತೆ" ಅನ್ನುತ್ತಿದ್ದ. ಬಂಗಾರಪೇಟೆಯ ಪಾನಿಪುರಿ ನೀರು ಬೇರೆ ಕಡೆಯಂತೆ ಹಸಿರಲ್ಲ, ಬಾವಿ ನೀರಿನಷ್ಟು ತಿಳಿ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿರಲಿಲ್ಲ.

ಅವನು ಹಾಗೆ ಹೇಳುತ್ತಿದ್ದುದು ನನಗೆ, ಯಾಕೆಂದರೆ ನಾನೂ ಅದೇ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಈಗಲೂ ಇದ್ದೇನೆ. ಬಿ.ಎಸ್ಸಿ. ಓದಿಸಿದವನು ಅವನೇ, ಲ್ಯಾಬಿನಲ್ಲಿ ಜಾಗ ಖಾಲಿಯಿದೆ ಎಂದು ತಿಳಿದ ದಿನ ನನ್ನನ್ನು ಗೇಟಿನವರೆಗೆ ಕರೆತಂದು ಬಿಟ್ಟವನೂ ಅವನೇ. ನಾನು ಕಂಪನಿಯ ನೌಕರಳಾದೆ. ಅವನು ಕೊನೆಯವರೆಗೂ ಕಂಟ್ರಾಕ್ಟಿನವನಾಗಿಯೇ ಉಳಿದ.

ನಮ್ಮದು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿ. ರಾಗಿ ಬೆಳೆಯುವಷ್ಟು ನೆಲ, ಒಂದು ಹಸು. ಅಪ್ಪ ಸೈಕಲ್ ತುಳಿದುಕೊಂಡು ಊರಿಗಾಂ ಎಂಬಲ್ಲಿಗೆ ಹೋಗಿ ಚಿನ್ನದ ಗಣಿಯೊಳಕ್ಕೆ ಇಳಿಯುತ್ತಿದ್ದ. ನಾನು ಶಾಲೆಗೆ ಹೋಗುತ್ತಿದ್ದಾಗಲೇ ಅವನ ಎದೆಯಲ್ಲಿ ಕಲ್ಲಿನ ಧೂಳು ತುಂಬಿತ್ತು. ಜಗಲಿಯ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ, ಕೂತೇ ಉಣ್ಣುತ್ತಿದ್ದ, ಕೂತೇ ಸತ್ತ. ಆಮೇಲೆ ಗಣಿಯೂ ಮುಚ್ಚಿತು. ಅಣ್ಣನಿಗೆ ಬೀರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ನೆಂಟರೊಬ್ಬರು, "ಓಗಿ ಓಗಿ ಸಾರಾಯಿ ಕಾರ್ಖಾನೆಗೆ ಸೇರುಸ್ತೀಯಲ್ಲ" ಎಂದು ಅಮ್ಮನನ್ನು ಆಡಿಕೊಂಡರು. ಅಮ್ಮ ಕೇರುತ್ತಿದ್ದ ಮೊರವನ್ನು ಕೆಳಗಿಡದೆಯೇ ಉತ್ತರ ಕೊಟ್ಟಳು.

"ಏನಾನ ಮಾಡ್ಲಿ. ಭೂಮಿ ಮ್ಯಾಗಿನ ಕೆಲ್ಸ. ಬೆಳಕಲ್ಲಿ ಓಗ್ತಾನೆ, ಬೆಳಕಲ್ಲಿ ಬತ್ತಾನೆ. ನಂಗಷ್ಟು ಸಾಕು."

ಅವನ ಕೆಲಸವೇನೆಂದು ಹೇಳಬೇಕು. ಹುದುಗು ಬಂದ ಬೀರು ಮೊದಲು ಮಬ್ಬಾಗಿರುತ್ತದೆ. ಯೀಸ್ಟು, ಬಾರ್ಲಿಯ ಜಿಗುಟು ಎಲ್ಲ ಅದರಲ್ಲಿ ತೇಲುತ್ತಿರುತ್ತವೆ. ಅದನ್ನು ಸೋಸಲು ಒಂದು ಬಿಳಿ ಪುಡಿ ಬೇಕು. ಮೈದಾಹಿಟ್ಟಿಗಿಂತ ನಯ, ಊದಿದರೆ ಹಾರುವಷ್ಟು ಹಗುರ. ಯಾವುದೋ ಕಾಲದಲ್ಲಿ ನೀರಿನ ತಳದಲ್ಲಿ ಸತ್ತು ಕೂತ, ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪು ಅದು. ಅಗೆದು, ಕುಲುಮೆಯಲ್ಲಿ ಸುಟ್ಟು, ಪುಡಿ ಮಾಡಿ ಚೀಲಗಳಲ್ಲಿ ಕಳಿಸುತ್ತಾರೆ. ಅಣ್ಣ ಆ ಚೀಲದ ಬಾಯಿ ಕೊಯ್ದು, ನೀರಿನ ತೊಟ್ಟಿಗೆ ಸುರಿದು ಕಲಸಬೇಕು. ಗಂಜಿಯಂಥ ಆ ನೀರು ಫಿಲ್ಟರಿನೊಳಗಿನ ಉಕ್ಕಿನ ಕೊಳವೆಗಳ ಮೇಲೆ ಪದರವಾಗಿ ಕೂರುತ್ತದೆ. ಬೀರು ಆ ಪದರದ ಮೂಲಕ ಹಾದುಬರುವಾಗ ಮಬ್ಬೆಲ್ಲ ಅಲ್ಲೇ ಉಳಿಯುತ್ತದೆ. ಒತ್ತಡ ಏರಿ ಫಿಲ್ಟರು ಕಟ್ಟಿಕೊಂಡಾಗ ಹಳೆಯ ಪದರವನ್ನು ಉದುರಿಸಿ, ಮತ್ತೆ ಹೊಸ ಚೀಲ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ಅವನಿಗೆ ತೋರಿಸಿದ್ದೆ. ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಂಡು ಬಹಳ ಹೊತ್ತು ನೋಡಿದ. ದೋಣಿಯಂಥವು, ಚಕ್ರದಂಥವು, ಎಲ್ಲದರ ಮೈಯಲ್ಲೂ ಸಾಲುಸಾಲಾಗಿ ತೂತು.

"ಜರಡಿ ಕಣಮ್ಮಿ ಇವು," ಅಂದ. "ಇಷ್ಟು ಸಣ್ಣ ಜರಡಿ ಯಾರು ಮಾಡಿದ್ರೋ."

ಅವನ ಹುಬ್ಬಿನ ಮೇಲೆ, ಕಿವಿಯ ಮಡಿಕೆಯಲ್ಲಿ ಅದೇ ಪುಡಿ ಕೂತಿತ್ತು. ನನಗೆ ಅದು ನೋಡಿ ನೋಡಿ ರೂಢಿಯಾಗಿತ್ತು. ಪುಡಿ ಕಲಸುವ ಕೋಣೆಗೆ ಕಿಟಕಿಯಿಲ್ಲ, ಒಂದೇ ಬಾಗಿಲು. ತೊಟ್ಟಿಯ ಮೇಲೆ ಧೂಳು ಎಳೆಯುವ ಫ್ಯಾನೊಂದು ಇತ್ತು. ಅದು ಕೆಟ್ಟು ನಿಂತು ಎಷ್ಟು ಕಾಲವಾಗಿತ್ತೋ, ಅದರ ರೆಕ್ಕೆಗಳ ಮೇಲೂ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಕೊಡುತ್ತಿದ್ದ ಮಾಸ್ಕು ಬಟ್ಟೆಯದು. ಚೀಲ ಸುರಿದಾಗ ಧೂಳಿನ ಮೋಡ ಎದ್ದು ಅವನು ತಲೆಯಿಂದ ಸೊಂಟದವರೆಗೂ ಕಾಣುತ್ತಿರಲಿಲ್ಲ. ಹೊರಗೆ ಬಂದು ಮೈ ಕೊಡವಿಕೊಂಡು ನಗುತ್ತಿದ್ದ. ಮನೆಗೆ ಹೋಗುವ ಮೊದಲು ನಲ್ಲಿಯ ಕೆಳಗೆ ತಲೆಯೊಡ್ಡಿ ತೊಳೆದುಕೊಳ್ಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮ ಬಿಳಿ ಧೂಳು ನೋಡಬಾರದು ಎಂದು.

ಕಾರ್ಖಾನೆಯಲ್ಲಿ ನಿಯಮಗಳಿಗೆ ಕೊರತೆಯಿರಲಿಲ್ಲ. ಬಾಟಲಿ ತುಂಬುವಲ್ಲಿಗೆ ಹೋಗಬೇಕಾದರೆ ತಲೆಗೆ ಟೋಪಿ, ಕೈಗೆ ಬಳೆಯಿಲ್ಲ, ಉಂಗುರವಿಲ್ಲ, ಹೂವಿಲ್ಲ. ಪಿನ್ನು ಸಿಕ್ಕಿಸಿದ ಸೀರೆಯಲ್ಲಿ ಬಂದವಳೊಬ್ಬಳನ್ನು ಗೇಟಿನಿಂದಲೇ ವಾಪಸು ಕಳಿಸಿದ್ದರು. ಒಂದು ಬಾಟಲಿ ಒಡೆದರೆ ಅದರ ಹಿಂದಿನವನ್ನೂ ಮುಂದಿನವನ್ನೂ ಎಲ್ಲ ಚೆಲ್ಲುತ್ತಿದ್ದರು. ತೊಳೆದ ಬಾಟಲಿಯಲ್ಲಿ ಕಾಸ್ಟಿಕ್ ಸೋಡಾದ ತೇವ ಉಳಿದಿದೆಯೇ ಎಂದು ನಾವು ಹನಿ ಹಾಕಿ ಬಣ್ಣ ನೋಡುತ್ತಿದ್ದೆವು. ಇವೆಲ್ಲ ಬೇಕಾದವೇ. ಕುಡಿಯುವವನ ಹೊಟ್ಟೆಗೆ ಏನೂ ಹೋಗಬಾರದು; ನನ್ನ ಸಂಬಳವೇ ಅದಕ್ಕೆ. ನಾನು ಅದನ್ನು ನಂಬಿ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ.

ಒಂದು ಬೆಳಿಗ್ಗೆ, ಫಿಲ್ಟರಿನಿಂದ ಬಂದ ಬೀರಿನ ಟ್ಯಾಂಕಿನಿಂದ ಮಾದರಿ ತಂದು, ನಾಣ್ಯದಷ್ಟಗಲದ ಬಿಳಿ ಜಾಲರಿ ಕಾಗದದ ಮೂಲಕ ಸೋಸಿದೆ. ಕಾಗದದ ಮೇಲೆ ಬೂದಿಯಂಥ ಒಂದು ತೆಳು ಪದರ ಉಳಿಯಿತು. ಬೆರಳಲ್ಲಿ ಉಜ್ಜಿದರೆ ಕರಕರ. ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅದೇ ದೋಣಿಗಳು, ಅದೇ ಚಕ್ರಗಳು. ಫಿಲ್ಟರಿನೊಳಗೆ ಒಂದು ಕೊಳವೆ ಬಿರುಕು ಬಿಟ್ಟು ಪುಡಿ ಬೀರಿನ ಜೊತೆ ಟ್ಯಾಂಕಿಗೆ ನುಗ್ಗಿತ್ತು.

ನಾನು ಮ್ಯಾನೇಜರಿಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಇಡೀ ಕಾರ್ಖಾನೆ ಎದ್ದು ನಿಂತಿತು. ಬಾಟಲಿ ತುಂಬುವುದು ನಿಂತಿತು. ಟ್ಯಾಂಕಿಗೆ ಕೆಂಪು ಚೀಟಿ ಕಟ್ಟಿದರು. ಬೆಂಗಳೂರಿನಿಂದ ದೊಡ್ಡವರು ಕಾರಿನಲ್ಲಿ ಬಂದರು. ಅಣ್ಣನನ್ನೂ ಅವನ ಪಾಳಿಯ ಇನ್ನೊಬ್ಬನನ್ನೂ ಕರೆಸಿ ಯಾವ ವಾಲ್ವು ಯಾವಾಗ ತೆರೆದಿರಿ ಎಂದು ಸಂಜೆಯವರೆಗೂ ಕೇಳಿದರು. ಫಿಲ್ಟರು ಬಿಚ್ಚಿ ನೋಡಿದಾಗ ಕೊಳವೆ ಹಳೆಯದಾಗಿ ಸೀಳಿತ್ತು, ಇವರ ತಪ್ಪೇನೂ ಇರಲಿಲ್ಲ. ಟ್ಯಾಂಕಿನ ಬೀರನ್ನೆಲ್ಲ ಚರಂಡಿಗೆ ಬಿಟ್ಟರು. ನೊರೆ ಎದ್ದು ಗಟಾರದ ಅಂಚು ಮೀರಿ ಅಂಗಳಕ್ಕೆ ಹರಿಯಿತು. ಕಂಟ್ರಾಕ್ಟಿನ ಗಂಡಸರು ಅದನ್ನು ನೋಡುತ್ತಾ ನಿಂತಿದ್ದರು.

ಮರುದಿನ ಎಲ್ಲರನ್ನೂ ಕೂರಿಸಿ ಮಾತಾಡಿದರು. ಬೆಂಗಳೂರಿನವರು ಪುಡಿಯ ಬಗ್ಗೆ ಪರದೆಯ ಮೇಲೆ ಚಿತ್ರ ಹಾಕಿ ವಿವರಿಸಿದರು. "ಒಂದು ಕಣವೂ ಗ್ರಾಹಕರ ದೇಹಕ್ಕೆ ಹೋಗಬಾರದು" ಅಂದರು. ಕೊನೆಗೆ ಯಾರಾದರೂ ಏನಾದರೂ ಕೇಳುವುದಿದೆಯೇ ಎಂದಾಗ, ಹಿಂದಿನ ಸಾಲಿನಿಂದ ಅಣ್ಣ ಎದ್ದು ನಿಂತ. ಅವನು ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಸಾರ್, ಆ ಮಿಕ್ಸಿಂಗ್ ರೂಮಲ್ಲಿ ಫ್ಯಾನ್ ಓಡಲ್ಲ ಸಾರ್. ಪುಡಿಯೆಲ್ಲಾ ನಮ್ ಮೂಗೊಳಕ್ಕೆ ಓಗ್ತೈತೆ."

"ಅದು ಇವತ್ತಿನ ವಿಷಯ ಅಲ್ಲ," ಅಂದರು ಮ್ಯಾನೇಜರು, ಗದರಿ ಅಲ್ಲ, ಮೆತ್ತಗೇ. "ಬರೆದುಕೊಂಡಿದ್ದೀವಿ. ಮೇಂಟೆನೆನ್ಸ್‌ನವರು ನೋಡ್ತಾರೆ."

ಅಣ್ಣ "ಸರಿ ಸಾರ್" ಎಂದು ಕೂತ. ಸೀಳಿದ ಕೊಳವೆಯ ಜಾಗಕ್ಕೆ ಹೊಸದು ಬಂತು. ಅದರ ಮುಂದೆ, ತಪ್ಪಿ ಬಂದ ಪುಡಿ ಹಿಡಿಯಲು ಇನ್ನೊಂದು ಸಣ್ಣ ಫಿಲ್ಟರೂ ಬಂತು. ಫ್ಯಾನು ಹಾಗೇ ನಿಂತಿತ್ತು.

ಕೆಮ್ಮು ಯಾವಾಗ ಶುರುವಾಯಿತು ಎಂದು ನಿಖರವಾಗಿ ಹೇಳಲಾರೆ. ನಾನು ಮದುವೆಯಾಗಿ ಬಂಗಾರಪೇಟೆಯಲ್ಲಿದ್ದೆ; ಅವನನ್ನು ಕಾಣುತ್ತಿದ್ದುದು ಯಂತ್ರಗಳ ಗದ್ದಲದ ನಡುವೆ, ಅಲ್ಲಿ ಕೆಮ್ಮು ಕೇಳುವುದಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾನೆ ಎಂಬುದು ಗಮನಕ್ಕೆ ಬಂತು. ಸಡಿಲವಾದ ಪ್ಯಾಂಟಿಗೆ ಬೆಲ್ಟು ಬಂತು. ರಾಬರ್ಟ್‌ಸನ್‌ಪೇಟೆಯ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆಸಿ, ಕಫದಲ್ಲಿ ಏನೂ ಸಿಗದಿದ್ದರೂ ಟಿ.ಬಿ. ಇರಬಹುದೆಂದು ಮಾತ್ರೆ ಶುರುಮಾಡಿದರು. ನಮಗೂ ಒಂದು ರೀತಿಯ ಸಮಾಧಾನವಾಯಿತು. ಟಿ.ಬಿ. ವಾಸಿಯಾಗುವ ಕಾಯಿಲೆ. ಅತ್ತಿಗೆ ಮಾತ್ರೆಯ ಜೊತೆ ಮೊಟ್ಟೆ ಕೊಟ್ಟಳು, ಹಾಲು ಕೊಟ್ಟಳು. ಅವನು ಮಾತ್ರೆಯ ದೆಸೆಯಿಂದ ಮೂತ್ರ ಕೆಂಪಗೆ ಹೋಗುತ್ತದೆಂದು ತಮಾಷೆ ಮಾಡುತ್ತಾ ನುಂಗಿದ.

ಆ ದಿನಗಳಲ್ಲಿ ಒಂದು ಭಾನುವಾರ ನಾನು ಊರಿಗೆ ಹೋದೆ. ಅಮ್ಮ ಜಗಲಿಯ ಮೇಲೆ ಕೂತು ಹಳೆಯ ಸೀರೆಯನ್ನು ಮಡಚಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಬೂರುಗದ ಹತ್ತಿಯ ಗುಡ್ಡೆ.

"ಯಾರ್ಗಮ್ಮ ದಿಂಬು?"

"ನಿಮ್ಮಣ್ಣಂಗೆ."

"ಅವ್ನಿಗೆ ಇತ್ತಲ್ಲ."

ಅಮ್ಮ ದಾರ ಕಚ್ಚಿ ಹರಿದಳು. "ಒಂದು ಸಾಲ್ದು. ಮೂರು ಬೇಕಾತೈತೆ. ಒರಗ್ಕಂಡು ಮಲಗಾಕೆ."

ಅವಳು ನನ್ನ ಕಡೆ ನೋಡಲಿಲ್ಲ. "ನಿಮ್ಮಪ್ಪಂದೂ ಇದೇ ಸದ್ದು," ಅಂದಳು. "ಗೋಡೆ ಆಚೆಯಿಂದ ಕೇಳುಸ್ಕಂಡೇ ಗೊತ್ತಾಯ್ತು ನಂಗೆ. ಸೊಸೆಗೆ ಏಳ್ಬೇಡ. ಮಾತ್ರೆ ಕೊಡ್ತಾವಳೆ, ಕೊಡ್ಲಿ. ಆಸೆ ಇರ್ಲಿ."

ಮಾತ್ರೆಯ ಅವಧಿ ಮುಗಿಯುವ ಹೊತ್ತಿಗೆ ಅವನು ಹಸುವಿನ ಹಗ್ಗ ಹಿಡಿದು ಬೀದಿ ದಾಟಲಾರದಂತಾದ. ನಾನು, ಅತ್ತಿಗೆ, ಅಮ್ಮ ಮೂವರೂ ಅವನನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಎದೆಯ ಡಾಕ್ಟರು ಯುವತಿ. ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಊರು ಕೇಳಿದರು. ಕೋಲಾರದ ಗಣಿ ಕಡೆ ಎಂದೊಡನೆ ತಲೆಯಾಡಿಸಿದರು.

"ಗಣೀಲಿ ಎಷ್ಟು ವರ್ಷ ಕೆಲಸ ಮಾಡಿದ್ರಿ?"

"ನಾನು ಮಾಡಿಲ್ಲ ಮೇಡಂ. ನಮ್ಮಪ್ಪ ಮಾಡಿದ್ದು."

ಡಾಕ್ಟರು ಮತ್ತೆ ಚಿತ್ರ ನೋಡಿದರು. "ಕಲ್ಲು ಒಡೆಯೋ ಕಡೆ? ಕ್ವಾರಿ?"

"ಇಲ್ಲ ಮೇಡಂ. ಬೀರ್ ಫ್ಯಾಕ್ಟರಿ."

ನಾನು ಪುಡಿಯ ವಿಷಯ ಹೇಳಿದೆ. ಸುಟ್ಟ ಚಿಪ್ಪಿನ ಪುಡಿ, ಅದರಲ್ಲಿರುವ ಸಿಲಿಕಾ, ಕಿಟಕಿಯಿಲ್ಲದ ಕೋಣೆ. ಅವರು ಲೇಖನಿ ಕೆಳಗಿಟ್ಟು ಕೇಳಿಸಿಕೊಂಡರು. ಗಣಿಯ ಧೂಳಿನಲ್ಲಿ ಇರುವುದೂ ಇದರಲ್ಲಿ ಇರುವುದೂ ಒಂದೇ ಜಾತಿ, ಶ್ವಾಸಕೋಶಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದರು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಒಳಗಿನ ಮಾಂಸ ಗಟ್ಟಿಯಾಗುತ್ತಾ ಹೋಗುತ್ತದೆ. ಇನ್ನು ಮುಂದೆ ಧೂಳಿನ ಹತ್ತಿರ ಹೋಗಬೇಡಿ. ಔಷಧಿಯೆಂದರೆ ಉಸಿರಿಗೆ ಸ್ವಲ್ಪ ಸುಲಭವಾಗುವಂಥದ್ದು, ಅಷ್ಟೇ.

ಅಣ್ಣ ಎಲ್ಲವನ್ನೂ ಕೇಳಿ, "ನಮ್ಮಪ್ಪ ಕೆಳ್ಗಿಳಿದು ತಗಂಡಿದ್ನ ನಾನು ಮೇಲ್ಗಡೆ ನಿಂತೇ ತಗಂಡೆ" ಅಂದ. ನಗಲು ಹೋಗಿ ಕೆಮ್ಮಿದ. ಅತ್ತಿಗೆ ನೀರಿನ ಬಾಟಲಿ ಹಿಡಿದುಕೊಂಡು ನಿಂತೇ ಇದ್ದಳು, ಮುಚ್ಚಳ ತೆಗೆಯಲಿಲ್ಲ. ಅಮ್ಮ ಹೊರಗಿನ ಬೆಂಚಿನ ಮೇಲಿದ್ದಳು. ನಾವು ಹೊರಗೆ ಬಂದಾಗ ಏನೆಂದು ಕೇಳಲಿಲ್ಲ. ಎದ್ದು ಮಗನ ಚೀಲ ತಾನು ತಗೊಂಡು ಮುಂದೆ ನಡೆದಳು.

ಆಹಾರ ತಯಾರಾಗುವ ಜಾಗದಲ್ಲಿ ಕೆಲಸ ಮಾಡುವವರಿಗೆಲ್ಲ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಕೆಮ್ಮುವವರು, ಗಾಯವಾದವರು, ಹೊಟ್ಟೆ ಕೆಟ್ಟವರು ಒಳಗಿರುವಂತಿಲ್ಲ. ಅಣ್ಣ ಬೆಂಗಳೂರಿನಿಂದ ಬಂದ ಮೇಲೂ, ಪುಡಿಯ ಕೆಲಸ ಬೇಡ, ಬೇರೆ ಏನಾದರೂ ಕೊಡಿ ಎಂದು ಕೇಳಿಕೊಂಡು ಗೇಟಿಗೆ ಹೋದ. ಆ ಸಲದ ತಪಾಸಣೆಯಲ್ಲಿ ಅವನ ಕೆಮ್ಮು ಕಂಡಿತು. ಕಂಟ್ರಾಕ್ಟರು ನನ್ನನ್ನೇ ಕ್ಯಾಂಟೀನಿನ ಹತ್ತಿರ ನಿಲ್ಲಿಸಿ ಹೇಳಿದ.

"ಮೇಡಂ, ನಿಮ್ಗೆ ಗೊತ್ತಿಲ್ದೇ ಇರೋದಾ? ನಿಮ್ ಡಿಪಾರ್ಟ್‌ಮೆಂಟೇ ಮಾಡಿರೋ ರೂಲು. ಕೆಮ್ಮು ಇರೋರ್ನ ಪ್ಲಾಂಟ್ ಒಳಗೆ ಬಿಡಂಗಿಲ್ಲ. ಬೀರಿಗೆ ಏನಾದ್ರೂ ಆದ್ರೆ?"

"ಅದು ಅಂಟೋ ಕೆಮ್ಮಲ್ಲ. ಡಾಕ್ಟರು ಬರೆದುಕೊಟ್ಟಿದ್ದಾರೆ."

"ಕೆಮ್ಮು ಕೆಮ್ಮೇ ಅಲ್ವಾ ಮೇಡಂ."

ಅಣ್ಣನ ಗುರುತಿನ ಚೀಟಿ ಗೇಟಿನಲ್ಲಿ ತೆಗೆದುಕೊಂಡರು. ಅಷ್ಟೇ. ಬೀಳ್ಕೊಡುಗೆಯೂ ಇಲ್ಲ, ಜಗಳವೂ ಇಲ್ಲ. ಹೊರಗೆ ಬಸ್ಸು ಕಾಯುತ್ತಾ ಕಲ್ಲಿನ ಮೇಲೆ ಕೂತಿದ್ದ ಅವನನ್ನು ನಾನು ಲ್ಯಾಬಿನ ಕಿಟಕಿಯಿಂದ ನೋಡಿದೆ. ಬಸ್ಸು ಬಂದಾಗ ಬಾಗಿಲ ಕಂಬಿ ಹಿಡಿದು, ಉಸಿರು ತಗೊಂಡು, ಆಮೇಲೆ ಹತ್ತಿದ.

ನಾವು ಸುಮ್ಮನೆ ಕೂರಲಿಲ್ಲ. ಪರಿಹಾರಕ್ಕೆಂದು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು, ಅಲೆದೆವು. ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿಸಬೇಕಿತ್ತು. ಕಂಟ್ರಾಕ್ಟರ ಪರ ಬಂದವರು ಕೇಳಿದ ಪ್ರಶ್ನೆಗಳು ಇನ್ನೂ ಕಿವಿಯಲ್ಲಿವೆ. ಇವರ ತಂದೆ ಗಣಿ ಕಾರ್ಮಿಕರಲ್ಲವೇ? ಇವರು ಚಿಕ್ಕಂದಿನಲ್ಲಿ ಊರಿಗಾಂಗೆ ಹೋಗಿ ಬರುತ್ತಿರಲಿಲ್ಲವೇ? ಗಾಳಿ ಎದ್ದರೆ ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಧೂಳು ಸುತ್ತಮುತ್ತೆಲ್ಲ ಹಾರುವುದಿಲ್ಲವೇ? ಬೀರು ಕುಡಿದು ಯಾರಿಗಾದರೂ ಧೂಳಿನ ಕಾಯಿಲೆ ಬಂದದ್ದುಂಟೇ? ಕೊನೆಯ ಪ್ರಶ್ನೆಗೆ ಕೋಣೆಯಲ್ಲಿದ್ದವರು ನಕ್ಕರು. ಅಣ್ಣ ಕುರ್ಚಿಯ ತುದಿಯಲ್ಲಿ ಮುಂದೆ ಬಾಗಿ, ಎರಡೂ ಕೈ ಮಂಡಿಯ ಮೇಲೂರಿ ಕೂತಿದ್ದ. ಹಾಗೆ ಕೂತರೆ ಮಾತ್ರ ಉಸಿರು ಸಿಗುತ್ತಿತ್ತು. ವಿಚಾರಣೆಯ ದಿನ ಮುಂದಕ್ಕೆ ಹಾಕಿದರು. ಮತ್ತೆ ಹಾಕಿದರು. ಅಷ್ಟರಲ್ಲಿ ಕಂಟ್ರಾಕ್ಟರು ಬದಲಾದ. ಹೊಸಬ ಹಳಬನ ಆಳುಗಳಿಗೆ ತಾನು ಹೊಣೆಯಲ್ಲ ಅಂದ.

ಆ ನಡುವೆಯೇ ಹೊರಗಿನಿಂದ ಆಹಾರ ಸುರಕ್ಷತೆಯ ತಪಾಸಣೆಗೆ ಬಂದ ಒಬ್ಬರು ಪುಡಿ ಕಲಸುವ ಕೋಣೆಗೂ ಇಣುಕಿದರು. ಬೀರಿನ ಪೈಪುಗಳ ಮೇಲೆ ಬೆರಳೆಳೆದು, ಬೆರಳನ್ನು ನಮ್ಮ ಮ್ಯಾನೇಜರಿಗೆ ತೋರಿಸಿದರು. ಇಲ್ಲಿ ಕೂತ ಧೂಳು ಫಿಲ್ಟರಿನ ಮುಚ್ಚಳ ತೆಗೆದಾಗ ಬೀರಿಗೆ ಬೀಳಬಹುದು, ಇದು ದೊಡ್ಡ ಕೊರತೆ ಎಂದರು. ಅದೇ ವಾರ ಹೊಸ ಫ್ಯಾನು ಬಂತು. ದಪ್ಪ ಪೈಪು, ದೊಡ್ಡ ಮೋಟಾರು. ಚೀಲ ಸುರಿದರೆ ಮೋಡ ನೇರವಾಗಿ ಮೇಲಕ್ಕೆ ಹೋಗಿ ಮಾಯವಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟು ಸಲೀಸಾದ ಕೆಲಸವಾಗಿತ್ತೇ ಅದು ಎನ್ನಿಸಿತು.

ಹೇಳಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಅಣ್ಣನಿಗೆ ಹೇಳಿದೆ. ಅವನು ಮೂರು ದಿಂಬಿಗೆ ಒರಗಿ ಕೂತಿದ್ದ. ಮೂಗಿಗೆ ಆಮ್ಲಜನಕದ ನಳಿಗೆ. ಕರೆಂಟು ಹೋದಾಗಲೆಲ್ಲ ಆ ಯಂತ್ರ ನಿಂತುಬಿಡುತ್ತಿತ್ತು. ಆಗ ಅಮ್ಮ ಬೀಸಣಿಗೆ ತಗೊಂಡು ಬೀಸುತ್ತಿದ್ದಳು, ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ.

"ಫ್ಯಾನ್ ಆಕಿದ್ರಾ," ಅಂದ. ಸ್ವಲ್ಪ ಹೊತ್ತು ಉಸಿರಿಗೆ ಕಾದ. "ಒಳ್ಳೇದಾಯ್ತು. ಈಗಿರೋನು ಉಳ್ಕಂತಾನೆ."

ನಾನು ಅವನಿಗೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಉಸಿರು ಬೇಕು.

"ಬೀರು ತಿಳಿಯಾಗಿ ಬತ್ತೈತಾ?" ಎಂದು ಕೇಳಿದ.

"ಬರುತ್ತೆ ಅಣ್ಣ."

ಅವನು ಕಣ್ಣು ಮುಚ್ಚಿಕೊಂಡ. ಅದಾದ ಮೇಲೆ ಅವನು ಮಾತಾಡಿದ್ದು ಕಡಿಮೆ. ರಾಗಿ ಕೊಯ್ಲಿನ ಕಾಲದಲ್ಲಿ, ಮನೆಯವರೆಲ್ಲ ಹೊಲದಲ್ಲಿದ್ದ ಒಂದು ಬೆಳಿಗ್ಗೆ, ಅಮ್ಮನೊಬ್ಬಳೇ ಪಕ್ಕದಲ್ಲಿದ್ದಾಗ ಹೋದ. ಕರೆಂಟು ಇತ್ತು, ಯಂತ್ರವೂ ಓಡುತ್ತಿತ್ತು ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಯಾರೂ ಕೇಳದಿದ್ದರೂ ಹೇಳಿದಳು.

ಅರ್ಜಿ ಈಗಲೂ ಎಲ್ಲೋ ಇದೆ. ಅರ್ಜಿದಾರ ತೀರಿಕೊಂಡಿದ್ದರಿಂದ ಮತ್ತೆ ಮೊದಲಿನಿಂದ ಹಾಕಬೇಕಂತೆ. ಅತ್ತಿಗೆ ಒಮ್ಮೆ ಹೋಗಿ ಬಂದಳು, ಮತ್ತೆ ಹೋಗಲಿಲ್ಲ.

ಹೋದ ವರ್ಷ ಅವಳು ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಬೇಡವೆಂದು ನಾನು ಬೇಡಿಕೊಂಡೆ. "ಬೇರೆ ಎಲ್ಲೈತೆ, ಏಳು" ಅಂದಳು. ಅವಳನ್ನು ಬಾಟಲಿ ನೋಡುವ ಕಡೆ ಹಾಕಿದ್ದಾರೆ. ಬಿಳಿ ದೀಪದ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು, ಹಾದುಹೋಗುವ ಬಾಟಲಿಗಳಲ್ಲಿ ಕಸವೋ ಬಿರುಕೋ ಕಂಡರೆ ತೆಗೆದಿಡಬೇಕು. ರೆಪ್ಪೆ ಮಿಟುಕಿಸಿದರೂ ಒಂದೆರಡು ದಾಟಿಹೋಗುತ್ತವೆ. ಬಳೆಯನ್ನು ಅವಳು ಹೇಗೂ ತೆಗೆದಾಗಿತ್ತು.

ಪಾಳಿ ಒಂದೇ ಇದ್ದ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸಾಗುತ್ತೇವೆ. ಕಣ್ಣು ಉರಿಯುತ್ತದೆಂದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಒರಗುತ್ತಾಳೆ. ನಾನು ಕಿಟಕಿಯಾಚೆ ನೋಡುತ್ತೇನೆ. ಬಂಗಾರಪೇಟೆಯಲ್ಲಿ ನಾನು ಇಳಿಯುವಾಗ, "ಅಮ್ಮ ಉಂಡ್ರಾ ಅಂತ ನೋಡ್ಕಳಿ ಅತ್ತಿಗೆ" ಅನ್ನುತ್ತೇನೆ. ಅವಳು ಸೆರಗು ತೆಗೆಯದೆಯೇ "ಊಂ" ಅನ್ನುತ್ತಾಳೆ. ಬಸ್ಸು ಕ್ಯಾಸಂಬಳ್ಳಿ ಕಡೆ ಹೊರಡುತ್ತದೆ.